ಕತ್ತಲೊಳಗಿನ ಕೆಂಪು ಹರಳು

ನಮ್ಮ ಮುತ್ಯಾ ಬೆಳಿಗ್ಗೆ ಎದ್ದರೆ ಎರಡು ಕೆಲಸ ತಪ್ಪಿಸುತ್ತಿರಲಿಲ್ಲ: ಹಣೆಗೆ ವಿಭೂತಿ ಹಚ್ಚುವುದು, ಗಡಿಯಾರಕ್ಕೆ ಚಾವಿ ಕೊಡುವುದು. ಔರಾದಿನ ಮನೆಯ ಕಟ್ಟೆಯ ಮೇಲೆ ಕೂತು, ಆಕಾಶವಾಣಿಯ ವಾರ್ತೆಗೆ ಮುಳ್ಳು ಹೊಂದಿಸಿ, ಒಮ್ಮೆ ಕಿವಿಗೆ ಹಿಡಿದು ಕೇಳಿ, ಆಮೇಲೆ ಕೈಗೆ ಕಟ್ಟಿಕೊಳ್ಳುತ್ತಿದ್ದ. ಅದು ಎಚ್‌ಎಂಟಿ ಜನತಾ. ಅವನು ಹೋದ ಮೇಲೆ ಗಡಿಯಾರವೂ ನಿಂತಿತು, ಟ್ರಂಕಿನ ತಳ ಸೇರಿತು.

ಹೋದ ಬೇಸಿಗೆಯಲ್ಲಿ ಅದನ್ನು ಭಾಲ್ಕಿಯ ಒಬ್ಬ ರಿಪೇರಿ ಚಾಚಾನ ಮುಂದೆ ಇಟ್ಟೆ. ಅವರು ಒಂದು ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು, ಹಿಂದಿನ ಮುಚ್ಚಳ ತೆಗೆದು, ಬಹಳ ಹೊತ್ತು ನೋಡಿದರು.

“ಹಲ್ಲು ಮುರದಾವ್ರಿ. ಇದು ಇನ್ನ ನಡಿಯಂಗಿಲ್ಲ. ಖರೆ, ಒಳಗ ಒಂದ್ಸಲ ನೋಡ್ರಿ” ಎಂದು ಭೂತಗನ್ನಡಿಯನ್ನು ನನ್ನ ಕೈಗಿಟ್ಟರು.

ನೋಡಿದೆ. ಸಾಸಿವೆಗಿಂತ ಸಣ್ಣ ತಿರುಪುಗಳು. ಒಂದರ ಹಲ್ಲಿಗೆ ಇನ್ನೊಂದು ಹಲ್ಲು ಕೊಟ್ಟು ಕೂತ ಹಿತ್ತಾಳೆ ಚಕ್ರಗಳು. ಕೂದಲೆಳೆಯಂಥ ಸುರುಳಿ ಸ್ಪ್ರಿಂಗು. ಅವುಗಳ ನಡುವೆ ಅಲ್ಲಲ್ಲಿ, ದಾಳಿಂಬೆ ಕಾಳಿನ ಬಣ್ಣದ ಹರಳುಗಳು. ಡಯಲ್ಲಿನ ಮೇಲೆ 17 ಜ್ಯುವೆಲ್ಸ್ ಎಂದು ಬರೆದದ್ದನ್ನು ಚಿಕ್ಕಂದಿನಿಂದ ಓದಿದ್ದೆ. ಅದರ ಅರ್ಥ ಕಣ್ಣಿಗೆ ಬಿದ್ದದ್ದು ಅವತ್ತೇ. ಲೋಹಕ್ಕೆ ಲೋಹ ಉಜ್ಜಿದರೆ ಸವೆಯುತ್ತದೆ. ಅದಕ್ಕೇ ಚಕ್ರದ ಅಚ್ಚಿನ ತುದಿ ಮಾಣಿಕ್ಯದ ತೂತಿನಲ್ಲಿ ತಿರುಗುತ್ತದೆ. ಫ್ರಾನ್ಸಿನ ವೆರ್ನ್ಯೂಯಿ ಬೆಂಕಿಯ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ ಮೇಲೆ ಇಂಥ ಹರಳು ಬಡವರ ಕೈಗಡಿಯಾರಕ್ಕೂ ಇಳಿದು ಬಂತು. ಜಪಾನಿನ ಸಿಟಿಜನ್ ಜೊತೆಗೂಡಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ಕಾರ್ಖಾನೆ ತೆರೆದ ಎಚ್‌ಎಂಟಿ ಅದನ್ನು ಹಳ್ಳಿಹಳ್ಳಿಯ ಮದುಮಗನ ಕೈಗೆ ಕಟ್ಟಿತು.

ಮುತ್ಯಾ ಈ 17 ಮಾಣಿಕ್ಯಗಳನ್ನು ಹೊತ್ತುಕೊಂಡೇ ಹೊಲ ಉತ್ತ, ಸಂತೆ ಮಾಡಿದ. ಒಂದನ್ನೂ ನೋಡಲಿಲ್ಲ. ನಡೆಯುವ ಗಡಿಯಾರವನ್ನು ಯಾರು ನೋಡುತ್ತಾರೆ? ನಾವು ನೋಡುವುದು ಹೊತ್ತನ್ನು. ಅದು ನಿಂತ ಮೇಲೇ ಗಡಿಯಾರ ನಮಗೆ ಕಾಣುವುದು.

ಮುಚ್ಚಳದ ಹೊರಗೊಂದು, ಒಳಗೊಂದು ಎಂಬುದು ಭಾಲ್ಕಿಗೆ ಹೊಸದಲ್ಲ. ನಿಜಾಮನ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಬಾಗಿಲಿಗೆ ಉರ್ದು ಬೋರ್ಡು ಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಬೋರ್ಡು ಓದಿದವರಿಗೆ ಬೋರ್ಡು ಮಾತ್ರ ಸಿಕ್ಕಿತು. ಒಳಗೆ ಕಾಲಿಟ್ಟವರಿಗೆ ಅಕ್ಷರ ಸಿಕ್ಕಿತು.

ಹಳೆಯ ಗಡಿಯಾರದ ಚಕ್ರ, ಮುಳ್ಳು, ತಿರುಪುಗಳನ್ನು ಜೋಡಿಸಿ ಪದಕ, ಓಲೆ ಮಾಡುವವರು ಲೋಕದಲ್ಲಿ ಬಹಳ ಜನರಿದ್ದಾರೆ. ಆ ಶೈಲಿಗೆ ಸ್ಟೀಮ್‌ಪಂಕ್ ಎನ್ನುತ್ತಾರೆ. ಅಮೆರಿಕದ ಲೇಖಕ ಕೆ. ಡಬ್ಲ್ಯೂ. ಜೀಟರ್ 1987ರಲ್ಲಿ ಒಂದು ಬಗೆಯ ಕಥೆಗಳಿಗೆ ಇಟ್ಟ ಹೆಸರು ಅದು: ಉಗಿಯಂತ್ರದ ಕಾಲ ಮುಗಿಯದೇ ಮುಂದುವರಿದ ಲೋಕದ ಕಥೆಗಳು. ಕಥೆಯಿಂದ ಹೊರಟದ್ದು ಕೊರಳಿಗೆ ಬಂತು. ಅದರ ಹಿಂದಿನ ಆಸೆ ನನಗೆ ಅರ್ಥವಾಗುತ್ತದೆ. ಮೊಬೈಲು ಬಿಚ್ಚಿದರೆ ಏನೂ ಅಲುಗುವುದಿಲ್ಲ, ಯಾವುದರಿಂದ ಯಾವುದಾಯಿತೆಂದು ಕಣ್ಣಿಗೆ ತಿಳಿಯುವುದಿಲ್ಲ. ಗಡಿಯಾರದಲ್ಲಿ ಬೆರಳಿಟ್ಟು ತೋರಿಸಬಹುದು: ಈ ಸ್ಪ್ರಿಂಗು ಈ ಚಕ್ರ ತಳ್ಳಿತು, ಇದು ಅದನ್ನು ತಳ್ಳಿತು, ಅದಕ್ಕೆ ಮುಳ್ಳು ಸರಿಯಿತು. ಅರ್ಥವಾದ ಮೇಲೂ ಉಳಿಯುವ ಬೆರಗು ಅದು.

ಚಾಚಾನ ಹತ್ತಿರ ಒಂದು ಚಿಮಟ ಕೇಳಿ ತಂದು, ಬೀದರಿನ ಮನೆಯಲ್ಲಿ ಮಗಳಿಗೊಂದು ಪದಕ ಮಾಡಲು ಕೂತೆ. ಕೆಳಗೆ ಬಿದ್ರಿಯ ಬಿಲ್ಲೆಯೇ ಇರಬೇಕೆನಿಸಿತು. ಬಿದ್ರಿಯಲ್ಲಿ ಹೆಚ್ಚಿನ ಪಾಲು ಸತುವು, ಸ್ವಲ್ಪ ತಾಮ್ರ. ಎರಕ ಹೊಯ್ದು, ಉಳಿಯಿಂದ ಕೆತ್ತಿ, ಗೆರೆಯೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕಡೆಗೆ ನಮ್ಮ ಕೋಟೆಯ ಮಣ್ಣು. ಬಿಸಿಲು, ಮಳೆ ತಾಗದ ಹಳೆಯ ಮೂಲೆಗಳಿಂದ ತಂದ ಆ ಮಣ್ಣನ್ನು ಕುಶಲಕರ್ಮಿಗಳು ನಾಲಗೆಗೆ ಹಚ್ಚಿ ಪರೀಕ್ಷಿಸುತ್ತಾರೆ. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕುದಿಸಿ ಸಾಮಾನು ಅದ್ದಿದರೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೆಳಕು ಕಾಣದ ಮಣ್ಣು ಬೆಳ್ಳಿಯನ್ನು ಬೆಳಗಿಸುತ್ತದೆ! ಇಷ್ಟು ವರ್ಷ ಇದೇ ಊರಿನಲ್ಲಿದ್ದೂ ಈ ಮಾತು ನನಗೆ ಹಳತಾಗಿಲ್ಲ.

ಚಕ್ರಗಳನ್ನು ಪೆಟ್ರೋಲಿನಲ್ಲಿ ತೊಳೆದೆ. ಹಲ್ಲು ಮುರಿದದ್ದನ್ನು ತೆಗೆದಿಟ್ಟೆ. ಗಡಿಯಾರದ ಒಡಲನ್ನು ಮಗುಚಿ, ಬೆನ್ನು ಮೇಲೆ ಮಾಡಿ, ಅದರದೇ ಗಾಜಿನಡಿ ಕೂರಿಸಿದೆ. ಗಾಜಿನ ಮೇಲೆ ಮುತ್ಯಾನ ಹೊಲದ ಗೀರುಗಳಿದ್ದವು, ಉಜ್ಜಲು ಮನಸ್ಸಾಗಲಿಲ್ಲ. ಅರಾಲ್ಡೈಟ್ ಹಚ್ಚಿ ಬಿಲ್ಲೆಗೆ ಅಂಟಿಸಿದಾಗ ಸುತ್ತ ಬಿದ್ರಿಯ ಕಪ್ಪು ಅಂಚು, ಅದರ ಮೇಲೊಂದು ಬೆಳ್ಳಿ ಬಳ್ಳಿ, ನಡುವೆ ಹಿತ್ತಾಳೆ ಮತ್ತು ಕೆಂಪು. ಬ್ಯಾಲೆನ್ಸ್ ಚಕ್ರವನ್ನು ಮಾತ್ರ ಅಂಟಿಸಲಿಲ್ಲ. ಗಂಟೆಗೆ 18,000 ಸಲ ಟಿಕ್ ಎಂದದ್ದು ಅದು. ಅದನ್ನು ತಡೆಯುವ ಕವೆಯನ್ನು ತೆಗೆದು, ಸುರುಳಿಯೊಂದಿಗೆ ಅದರ ಜಾಗದಲ್ಲೇ ಬಿಟ್ಟೆ.

ಮಗಳು ಪದಕ ಹಾಕಿಕೊಂಡು ಚೌಬಾರಾದ ಕಡೆ ಹೊರಟಳು. 71 ಅಡಿಯ ಆ ದುಂಡು ಗೋಪುರದ ನೆತ್ತಿಯಲ್ಲಿ ಊರಿಗೆಲ್ಲ ಹೊತ್ತು ಹೇಳಲು ದೊಡ್ಡ ಗಡಿಯಾರವಿದೆ. ಅದರ ಕೆಳಗೆ ನಿಂತು ಅವಳು ಕೂಗಿದಳು: “ನೋಡ್ರಿ, ನಾ ನಡದ್ರ ಇದೂ ಅಲ್ಲಾಡ್ಲಕತ್ತದ!”

ಬಗ್ಗಿ ನೋಡಿದೆ. ಗೀರುಬಿದ್ದ ಗಾಜಿನಡಿ ಚಕ್ರ ಆ ಕಡೆ, ಈ ಕಡೆ ತೂಗುತ್ತಿತ್ತು. ನಿಧಾನವಾಯಿತು, ನಿಂತಿತು. ಅವಳು ಎರಡು ಹೆಜ್ಜೆ ಹಾಕಿದಳು. ಮತ್ತೆ ತೂಗಿತು. ಮುತ್ಯಾ ಮಾಡುತ್ತಿದ್ದಂತೆ ಪದಕವನ್ನು ಕಿವಿಗೆ ಹಿಡಿದೆ.