ಹನ್ನಳು ಹೊಲಿದ ಪುಟ್ಟ ಅಂಗಿ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಮನೆಗಳಿಂದ ಮಕ್ಕಳು ಓದಲು ಬೆಂಗಳೂರಿಗೆ ಹೋಗುವುದು ಹಳೆಯ ಮಾತು. ಈಗ ಸ್ನಾತಕೋತ್ತರ ಪದವಿಗೆ, ಸಂಶೋಧನೆಗೆ ಸಮುದ್ರ ದಾಟುವವರೂ ಇದ್ದಾರೆ. ಅವರಲ್ಲಿ ಕೆಲವರು ಕೈಗೂಸು ಉಳ್ಳವರು. ಆಗ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಮಗು ಎಲ್ಲಿರಬೇಕು?

ಇದಕ್ಕೆ ಉತ್ತರ ಸುಲಭವಲ್ಲ. ಅಮೆರಿಕದಲ್ಲಿ ಓದುವವರು ಸಂಗಾತಿಯನ್ನೂ ಮಕ್ಕಳನ್ನೂ ಎಫ್-2 ವೀಸಾದಲ್ಲಿ ಕರೆದೊಯ್ಯಬಹುದು. ಆದರೆ ಆ ಸಂಗಾತಿ ಅಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ. ಬ್ರಿಟನ್ನಿನಲ್ಲಿ 2024ರ ಜನವರಿಯಿಂದ ಸಂಶೋಧನಾ ಪದವಿಯವರನ್ನು ಬಿಟ್ಟರೆ ಬಹುತೇಕ ಸ್ನಾತಕೋತ್ತರ ವಿದ್ಯಾರ್ಥಿಗಳು ಕುಟುಂಬವನ್ನು ಕರೆತರುವಂತಿಲ್ಲ. ಹೀಗಾಗಿ ಕೆಲವರು ಒಬ್ಬರ ವಿದ್ಯಾರ್ಥಿವೇತನದಲ್ಲಿ ಮೂವರು ಬದುಕುತ್ತಾರೆ. ಕೆಲವರು ಕಣ್ಣೀರಿಟ್ಟು ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ ಹೋಗುತ್ತಾರೆ.

ಊರಿನ ನಾಲಿಗೆ ಇಬ್ಬರನ್ನೂ ಬಿಡುವುದಿಲ್ಲ. "ಹೆಂಡತಿ ಓದುತ್ತಾಳೆ, ಗಂಡ ಮಗು ಆಡಿಸುತ್ತಾನೆ" ಎಂದು ನಗುತ್ತದೆ. "ಹೆತ್ತ ಕೂಸನ್ನು ಬಿಟ್ಟು ಹೋದಳು" ಎಂದು ಚುಚ್ಚುತ್ತದೆ. ಪ್ರಿಯರೇ, ತೀರ್ಪು ಕೊಡುವ ಮೊದಲು ಪವಿತ್ರ ಗ್ರಂಥವನ್ನು ತೆರೆಯೋಣ.

ಸಂತ ಜೋಸೆಫರು ರಾತ್ರಿಯೇ ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು (ಮತ್ತಾಯ 2:14). ತಮ್ಮ ಊರು, ತಮ್ಮ ನೆಲೆ, ಎಲ್ಲಕ್ಕಿಂತ ಮಗುವಿನ ಜೀವ ದೊಡ್ಡದೆಂದು ಬಗೆದರು. ಪರದೇಶದ ಪುಟ್ಟ ಕೋಣೆಯಲ್ಲಿ ಮಗುವಿಗೆ ಉಣಿಸುತ್ತಾ ಕುಳಿತ ಗಂಡ ನಗೆಪಾಟಲಿನವನಲ್ಲ. ಅವನು ಜೋಸೆಫರ ದಾರಿಯಲ್ಲಿದ್ದಾನೆ.

ಇನ್ನು ಬಿಟ್ಟು ಹೋದ ತಾಯಿ. ಹನ್ನಳು ಸಮುವೇಲನನ್ನು ಮೊಲೆ ಬಿಡಿಸಿದ ಮೇಲೆ ಶಿಲೋವಿನ ದೇವಾಲಯದಲ್ಲಿ ಬಿಟ್ಟು ಬಂದಳು. ಅವಳು ಬಿಟ್ಟದ್ದು ಹರಕೆಗಾಗಿ, ಇವಳು ಓದಿಗಾಗಿ. ಕಾರಣ ಬೇರೆ, ಕರುಳು ಒಂದೇ. ಹನ್ನಳು ವರ್ಷ ವರ್ಷವೂ ಒಂದು ಪುಟ್ಟ ಅಂಗಿ ಹೊಲಿದು ಮಗನಿಗೆ ತಂದುಕೊಡುತ್ತಿದ್ದಳು (1 ಸಮುವೇಲ 2:19). ಸ್ವಲ್ಪ ಯೋಚಿಸಿ: ಕಣ್ಣೆದುರು ಇಲ್ಲದ ಮಗುವಿಗೆ ಅಂಗಿ ಹೊಲಿಯಬೇಕಾದರೆ ಅಳತೆ ಬೇಕಲ್ಲವೇ? ಎಷ್ಟು ಎತ್ತರವಾಗಿದ್ದಾನು, ತೋಳು ಎಷ್ಟು ಉದ್ದವಾಗಿದ್ದೀತು ಎಂದು ಆ ತಾಯಿ ವರ್ಷವಿಡೀ ಮನಸ್ಸಿನಲ್ಲೇ ಅಳೆಯುತ್ತಿದ್ದಿರಬೇಕು.

ದೂರದಲ್ಲಿರುವ ತಂದೆತಾಯಿಯರೇ, ಪಾರ್ಸೆಲ್ಲಿನಲ್ಲಿ ಬರುವ ಬೊಂಬೆ ಆ ಅಂಗಿಯಲ್ಲ. ಮಗುವಿಗೆ ಯಾವ ಹಲ್ಲು ಬಿತ್ತು, ಯಾರ ಜೊತೆ ಜಗಳವಾಯಿತು, ರಾತ್ರಿ ಯಾವುದಕ್ಕೆ ಹೆದರಿತು ಎಂದು ತಿಳಿದಿರುವುದೇ ಅಂಗಿಯ ಅಳತೆ. ಇಲ್ಲಿ ಬೆಳಗ್ಗೆ 7 ಗಂಟೆಯಾದಾಗ ನ್ಯೂಯಾರ್ಕಿನಲ್ಲಿ ಹಿಂದಿನ ರಾತ್ರಿ, ಬೇಸಿಗೆಯಲ್ಲಿ 9.30, ಚಳಿಗಾಲದಲ್ಲಿ 8.30. ಆ ಹೊತ್ತಿಗೆ ಫೋನಿನಲ್ಲಿ ಕೂಡಿ ಒಂದು ನಮೋ ಮರಿಯ ಹೇಳಲು ಎಷ್ಟು ಸಮಯ ಬೇಕು? ಕುಟುಂಬವು ಗೃಹಸಭೆ, ತಂದೆತಾಯಿಯರೇ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕಲಿಸಿತು. ದೂರ ಹೋದೆವೆಂದು ಆ ಕರ್ತವ್ಯಕ್ಕೆ ರಜೆಯಿಲ್ಲ.

ಅಜ್ಜಿ ತಾತಂದಿರೇ, ನಿಮಗೂ ಒಂದು ಮಾತು. "ನಿಮ್ಮಮ್ಮ ನಿನ್ನ ಬಿಟ್ಟು ಹೋದಳು" ಎಂದು ತಮಾಷೆಗೂ ಅನ್ನಬೇಡಿ. "ನಿಮ್ಮಮ್ಮ ಓದಿ ಬರುತ್ತಾಳೆ, ನಿನ್ನನ್ನೇ ನೆನೆಯುತ್ತಾಳೆ" ಎನ್ನಿ.

ನಜರೇತಿನ ಪವಿತ್ರ ಕುಟುಂಬವು ದೂರವಾದ ನಮ್ಮ ಮನೆಗಳನ್ನು ಒಂದಾಗಿ ಕಾಯಲಿ. ಆಮೆನ್.