ಆಟದ ಗಂಟೆ ಬಾರಿಸಿದಾಗ



ಶಾಲೆ ತೆರೆಯುವ ಹೊತ್ತಿಗೆ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಫಾದರ್, ಈ ವರ್ಷ ನಮ್ಮ ಹುಡುಗಿ ಗಾನವೃಂದಕ್ಕೆ ಬರೋದಿಲ್ಲ. ಹತ್ತನೇ ತರಗತಿ." ಹಾಡು ನಿಂತಿತು. ಥ್ರೋಬಾಲ್ ನಿಂತಿತು. ಗೈಡ್ಸ್ ಸಮವಸ್ತ್ರ ಪೆಟ್ಟಿಗೆ ಸೇರಿತು. ಶಾಲೆಯಲ್ಲೂ ಅಷ್ಟೇ. ವೇಳಾಪಟ್ಟಿಯಲ್ಲಿ ಆಟದ ಪಿರಿಯಡ್ ಇರುತ್ತದೆ, ಗಣಿತದ ಮೇಷ್ಟ್ರು ಅದನ್ನು ಸಾಲ ಕೇಳಿ ಪಡೆಯುತ್ತಾರೆ. ಆ ಸಾಲ ತೀರಿದ್ದನ್ನು ನಾನಂತೂ ಕಂಡಿಲ್ಲ.

ನಿಮ್ಮ ಆತಂಕ ಸುಳ್ಳಲ್ಲ. ಕೂಲಿ ಮಾಡಿ ಶುಲ್ಕ ಕಟ್ಟುವ ತಾಯಿಗೆ ಆ ಪರೀಕ್ಷೆ ಮನೆಯ ಭವಿಷ್ಯವೇ ಆಗಿರುತ್ತದೆ. ಆದರೂ ಯುವಜನರ ತಂದೆಯೆಂದು ನಾವು ಗೌರವಿಸುವ ಸಂತ ಜಾನ್ ಬೋಸ್ಕೋರವರ ಜೀವನವನ್ನು ಒಮ್ಮೆ ನೆನೆಯಿರಿ.

ಅವರು 1815ರಲ್ಲಿ ಇಟಲಿಯ ಬಡ ರೈತ ಕುಟುಂಬದಲ್ಲಿ ಹುಟ್ಟಿದವರು. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಹುಡುಗ ಜಾನ್ ಜಾತ್ರೆಗಳಲ್ಲಿ ದೊಂಬರಾಟದವರನ್ನು ನೋಡಿ ನೋಡಿ, ಬಿದ್ದು ಎದ್ದು, ಹಗ್ಗದ ಮೇಲೆ ನಡೆಯಲು ಕಲಿತ. ಮರಗಳ ನಡುವೆ ಹಗ್ಗ ಕಟ್ಟಿ ಊರವರಿಗೆ ಆಟ ತೋರಿಸುತ್ತಿದ್ದ. ನೋಡಲು ದುಡ್ಡು ಬೇಡ, ಜಪಸರ ಹೇಳಬೇಕು. ಬೆಳಗಿನ ಪೂಜೆಯಲ್ಲಿ ಗುರುಗಳು ಮಾಡಿದ ಪ್ರಬೋಧನೆಯನ್ನು ಅವನ ಬಾಯಿಂದ ಇನ್ನೊಮ್ಮೆ ಕೇಳಬೇಕು. (ನಮ್ಮ ಪ್ರಬೋಧನೆಯನ್ನು ಸಂಜೆಯವರೆಗೆ ನೆನಪಿಡುವ ಹುಡುಗರು ಎಷ್ಟಿದ್ದಾರೋ!) 1831ರಲ್ಲಿ ಕಿಯೇರಿ ಪಟ್ಟಣದ ಶಾಲೆ ಸೇರಿದಾಗ ಅವನಿಗೆ ಹದಿನಾರು ವರ್ಷ, ಚಿಕ್ಕ ಮಕ್ಕಳ ಜೊತೆ ಕೂರಬೇಕಾಯಿತು. ಆದರೂ ಅಲ್ಲಿ ಗೆಳೆಯರನ್ನು ಕೂಡಿಸಿ ಒಂದು 'ಸಂತೋಷ ಸಂಘ' ಕಟ್ಟಿದ.

ಮುಂದೆ ಗುರುವಾಗಿ ಟ್ಯೂರಿನ್ ನಗರದಲ್ಲಿ ಬೀದಿಯ ಹುಡುಗರಿಗೆ ಆಶ್ರಯ ಕೊಟ್ಟಾಗಲೂ ಬ್ಯಾಂಡು, ನಾಟಕ, ಕಾಲ್ನಡಿಗೆಯ ಪ್ರವಾಸಗಳನ್ನು ಅವರು ಬಿಡಲಿಲ್ಲ. 1877ರಲ್ಲಿ ತಮ್ಮ ಶಿಕ್ಷಣಕ್ರಮವನ್ನು ಬರೆದಿಟ್ಟಾಗ, ಮಕ್ಕಳಿಗೆ ಓಡಲು, ಜಿಗಿಯಲು, ಗದ್ದಲ ಮಾಡಲು ಧಾರಾಳ ಸ್ವಾತಂತ್ರ್ಯವಿರಲಿ ಎಂದರು. ಸಂಗೀತ, ಅಂಗಸಾಧನೆ, ನಾಟಕಗಳೇ ಶಿಸ್ತಿಗೂ ಸನ್ನಡತೆಗೂ ಸಾಧನಗಳೆಂದರು. ಶಿಕ್ಷಕ ಆಟದ ಅಂಗಳದಲ್ಲೂ ಮಕ್ಕಳ ಜೊತೆಗಿರಬೇಕು ಎಂಬುದು ಅವರ ಪಟ್ಟು. ತರಗತಿಯಲ್ಲಿ ತಲೆ ತಗ್ಗಿಸಿ ಕೂರುವ ಹುಡುಗ ಮೈದಾನದಲ್ಲಿ ಮನಸ್ಸು ಬಿಚ್ಚುತ್ತಾನೆ. ಅವನಿಗೊಂದು ಬುದ್ಧಿಮಾತು ಹೇಳಲು ಅದೇ ಸರಿಯಾದ ಗಳಿಗೆ.

ಪವಿತ್ರ ಗ್ರಂಥವೂ ಈ ಮಾತಿಗೆ ಸಾಕ್ಷಿ. ವಿಮೋಚನಕಾಂಡದ 31ನೇ ಅಧ್ಯಾಯ ತೆರೆದು ನೋಡಿ. ದೇವರು ಬೆಚಲೇಲನೆಂಬವನನ್ನು ಹೆಸರು ಹಿಡಿದು ಕರೆದು, ತಮ್ಮ ಆತ್ಮದಿಂದ ತುಂಬಿಸಿದರು. ಏತಕ್ಕೆ? ಚಿನ್ನ ಬೆಳ್ಳಿಯ ಕೆಲಸಕ್ಕೆ, ಮರ ಕೆತ್ತುವುದಕ್ಕೆ. ಕೈಕೆಲಸವೂ ಪವಿತ್ರಾತ್ಮರ ವರವೆಂದ ಮೇಲೆ ಕ್ರಾಫ್ಟ್ ಪಿರಿಯಡ್ಡನ್ನು ಕಾಲಹರಣವೆನ್ನಲು ನಮಗೆ ಬಾಯಿ ಹೇಗೆ ಬರಬೇಕು?

ನನಗೆ ನೋವಾಗುವುದು ಇಲ್ಲಿ: ಅಂಕ ಕಡಿಮೆ ಬಂದ ಮಗುವಿನಿಂದಲೇ ನಾವು ಮೊದಲು ಆಟ ಕಿತ್ತುಕೊಳ್ಳುತ್ತೇವೆ. ಲೆಕ್ಕದಲ್ಲಿ ಸೋತವನಿಗೆ ಖೋಖೋ ಒಂದರಲ್ಲಿ ಹೆಸರಿತ್ತು; ಅದೂ ಹೋಯಿತು. ಹೆಣ್ಣುಮಗಳಾದರೆ ಟ್ಯೂಷನ್ ಜೊತೆಗೆ ಮನೆಗೆಲಸವೂ ಸೇರುತ್ತದೆ. ಇತ್ತ ವಾರ್ಷಿಕೋತ್ಸವದ ವೇದಿಕೆಯ ಮೇಲೆ ವರ್ಷವರ್ಷವೂ ಅದೇ ಐದಾರು ಜಾಣ ಮುಖಗಳು, ಉಳಿದವರು ಕುರ್ಚಿ ಹೊರುವವರು. ನಮ್ಮ ಕ್ರೈಸ್ತ ಶಾಲೆಗಳೂ ಇದಕ್ಕೆ ಹೊರತಲ್ಲ.

ಮುಂದಿನ ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿಗೆ ಸಹಿ ಹಾಕಿದ ಮೇಲೆ ದೈಹಿಕ ಶಿಕ್ಷಕರ ಬಳಿಗೂ ಹೋಗಿ. "ನಮ್ಮ ಮಗು ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತದೆ?" ಎಂದು ಕೇಳಿ. ಹಾಗೆಯೇ ಭಾನುವಾರ ಪೂಜೆಗೆ ಮುಂಚೆ ನಡೆಯುವ ಹಾಡಿನ ಅಭ್ಯಾಸಕ್ಕೆ ನಿಮ್ಮ ಹತ್ತನೇ ತರಗತಿಯ ಮಗಳನ್ನು ಕಳುಹಿಸಿಕೊಡಿ. ಅವಳ ಜಾಗ ಅಲ್ಲಿ ಇನ್ನೂ ಖಾಲಿ ಇದೆ.