ದತ್ತಿಯೂ ಪಾಲನೆಯೂ

ಸರಕಾರದ ಪಾಠಶಾಲೆಗೆ ಧರ್ಮಸಂಸ್ಥೆಯೊಂದು ನೆರವಾಗಿ ಬಂದಾಗ, ನೋಡುವವರಿಗೆ ಅದು ಸರ್ವಥಾ ಶುಭವೆಂದೇ ತೋರುವುದು. ಹಸಿದ ಮಗುವಿಗೆ ಅನ್ನ ದೊರೆಯಿತು. ಸೋರುವ ಮಾಡಿಗೆ ಹೊಸ ಹಂಚು ಬಿದ್ದಿತು. ಬರಿಗೈಗೆ ಪುಸ್ತಕ ಬಂದಿತು. ಇದರಲ್ಲಿ ವಿಚಾರ ಮಾಡತಕ್ಕದ್ದೇನಿದೆ ಎಂದು ಯಾರಾದರೂ ಕೇಳಬಹುದು. ಆದರೆ ಧರ್ಮದ ತೊಡಕುಗಳು ಒಳ್ಳೆಯ ಕಾರ್ಯಗಳಲ್ಲಿಯೇ ಹೆಚ್ಚು ಸೂಕ್ಷ್ಮವಾಗಿರುತ್ತವೆ. ಸಲ್ಲಬೇಕಾದುದನ್ನು ಸಲ್ಲಿಸುವುದು ಒಂದು. ಮನಸ್ಸು ಬಂದು ಕೊಡುವುದು ಇನ್ನೊಂದು. ಮೊದಲನೆಯದು ಋಣ, ಎರಡನೆಯದು ದಾನ. ಒಬ್ಬನ ಋಣವನ್ನು ಮತ್ತೊಬ್ಬನು ದಾನರೂಪದಲ್ಲಿ ತೀರಿಸಲು ಮುಂದಾದಾಗ, ಋಣಿಯು ಬಿಡುಗಡೆ ಹೊಂದಿದನೇ? ಪಡೆದವನು ತನ್ನದನ್ನು ಪಡೆದನೇ, ಬೇಡಿ ಪಡೆದನೇ? ಈ ಪ್ರಶ್ನೆಗಳನ್ನು ಕೇಳದೆ ಬಿಡುವಂತಿಲ್ಲ.

ಈ ನಾಡಿನ ಪೂರ್ವಿಕರಿಗೆ ಇಂಥ ವಿಚಾರವು ಅಪರಿಚಿತವಾಗಿರಲಿಲ್ಲ. ಇಂದಿನ ಕಲಬುರಗಿ ಜಿಲ್ಲೆಗೆ ಸೇರಿದ ನಾಗಾವಿಯಲ್ಲಿ ಚಾಳುಕ್ಯರ ಕಾಲದ ಘಟಿಕಾಸ್ಥಾನವೊಂದಿದ್ದಿತು. ಅಲ್ಲಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಗ್ರಂಥಭಂಡಾರವನ್ನು ನೋಡಿಕೊಳ್ಳುವ ಸರಸ್ವತೀ ಭಂಡಾರಿಗರಿಗೂ ಏರ್ಪಟ್ಟ ವೃತ್ತಿಗಳನ್ನು 1058ರ ಶಾಸನವು ತಿಳಿಸುತ್ತದೆ. ಕೊಟ್ಟವನ ಮನಸ್ಸು ನಾಳೆ ಬದಲಾದರೂ ವಿದ್ಯೆಗೆ ಕುಂದು ಬಾರದಿರಲೆಂದೇ ದತ್ತಿಯನ್ನು ಭೂಮಿಯ ರೂಪದಲ್ಲಿ ಕೊಟ್ಟು ಕಲ್ಲಿನಲ್ಲಿ ಬರೆಯಿಸುತ್ತಿದ್ದರು. ಅಷ್ಟೇ ಅಲ್ಲ: ನಮ್ಮ ದಾನಶಾಸನಗಳ ಕೊನೆಯಲ್ಲಿ, ಕೊಡುವುದಕ್ಕಿಂತಲೂ ಕೊಟ್ಟುದನ್ನು ಕಾಪಾಡುವುದೇ ಮಿಗಿಲೆಂಬ ಅರ್ಥದ ಶ್ಲೋಕವು ಮತ್ತೆಮತ್ತೆ ಬರುತ್ತದೆ. ದಾನ ಮಾಡುವವನು ಯಾವನಾದರೂ ಆಗಲಿ; ಪಾಲನೆ ಮಾತ್ರ ಆಳುವವನ ಹೊಣೆ. ಈ ವಿಭಾಗವನ್ನು ಮರೆತಲ್ಲಿ ದಾನವೂ ಕೆಡುವುದು, ಆಳಿಕೆಯೂ ಕೆಡುವುದು.

ಪ್ರಾಚೀನ ಘಟಿಕಾಸ್ಥಾನಕ್ಕೂ ಇಂದಿನ ಪಾಠಶಾಲೆಗೂ ಒಂದು ದೊಡ್ಡ ಅಂತರವಿದೆ. ಅಂದು ವಿದ್ಯೆ ಕೆಲವರ ಭಾಗ್ಯ. ಇಂದು ಅದು ಎಲ್ಲರ ಹಕ್ಕು. 2002ರಲ್ಲಿ ಸಂವಿಧಾನಕ್ಕೆ ಮಾಡಿದ 86ನೆಯ ತಿದ್ದುಪಡಿಯೂ, 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯೂ ಆರರಿಂದ ಹದಿನಾಲ್ಕು ವಯಸ್ಸಿನ ಪ್ರತಿಯೊಂದು ಮಗುವನ್ನೂ ರಾಜ್ಯಕ್ಕೆ ಸಾಲ ಕೊಟ್ಟವರ ಸ್ಥಾನದಲ್ಲಿ ನಿಲ್ಲಿಸಿವೆ. ಶಾಲೆಯ ಊಟದ ವಿಷಯದಲ್ಲಿಯೂ ಹಾಗೆಯೇ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು, ಸರಕಾರದ ಹಾಗೂ ಸರಕಾರದ ನೆರವು ಪಡೆಯುವ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ವರ್ಷದಲ್ಲಿ ಕನಿಷ್ಠ 200 ದಿನ, 300 ಕ್ಯಾಲೊರಿಗೂ 8ರಿಂದ 12 ಗ್ರಾಮ್ ಸಸಾರಜನಕಕ್ಕೂ ಕಡಿಮೆಯಾಗದಂತೆ ಬೇಯಿಸಿದ ಊಟವನ್ನು ಕೊಡತಕ್ಕದ್ದೆಂದು ಆಜ್ಞಾಪಿಸಿತು. ಅಂದಿನಿಂದ ಆ ತುತ್ತು ಕರುಣೆಯ ತುತ್ತಾಗಿ ಉಳಿಯಲಿಲ್ಲ.

ಆದರೆ ಹಕ್ಕನ್ನು ಕಾಗದದಲ್ಲಿ ಬರೆಯುವುದು ಸುಲಭ. ಸಾವಿರಾರು ಒಲೆಗಳನ್ನು ಹೊತ್ತಿಸುವುದು ಕಷ್ಟ. ನ್ಯಾಯಾಲಯದ ಆಜ್ಞೆಗೂ ಮೊದಲೇ, 2000ದಲ್ಲಿ, ಬೆಂಗಳೂರಿನ ಇಸ್ಕಾನ್ ಭಕ್ತರು ಅಕ್ಷಯಪಾತ್ರ ಎಂಬ ಹೆಸರಿನಿಂದ ಐದು ಸರಕಾರೀ ಶಾಲೆಗಳ 1,500 ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಆರಂಭಿಸಿದ್ದರು. ಕರ್ನಾಟಕ ಸರಕಾರದ ಅಕ್ಷರ ದಾಸೋಹವು 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಅಂದಿನ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಅನಂತರ ನಾಡಿಗೆಲ್ಲ ಹರಡಿತು. ಬಹುಪಾಲು ಶಾಲೆಗಳಲ್ಲಿ ಅಡಿಗೆಯವರು ಅಲ್ಲಿಯೇ ಬೇಯಿಸುವರು. ಕೆಲವು ನಗರಗಳಲ್ಲಿ ಧರ್ಮಸಂಸ್ಥೆಗಳು ದೊಡ್ಡ ಪಾಕಶಾಲೆಗಳಿಂದ ಊಟವನ್ನು ಬಂಡಿಗಳಲ್ಲಿ ಕಳುಹಿಸುವುವು. ಧಾನ್ಯವೂ ವೆಚ್ಚದ ಒಂದು ಭಾಗವೂ ಸರಕಾರದ್ದು. ಉಳಿದ ವೆಚ್ಚವೂ ವ್ಯವಸ್ಥೆಯೂ ಸಂಸ್ಥೆಯದು. ಈ ಕೂಡುವಿಕೆಯಿಂದ ಲಕ್ಷಾಂತರ ಮಕ್ಕಳು ಉಂಡಿರುವರೆಂಬುದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ತೊಡಕು ಹುಟ್ಟಿದುದು ಒಂದು ಮೊಟ್ಟೆಯಿಂದ. ರಕ್ತಹೀನತೆಯೂ ಪುಷ್ಟಿಯ ಕೊರತೆಯೂ ಹೆಚ್ಚಾಗಿದ್ದ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ 2021ರ ಡಿಸೆಂಬರಿನಿಂದ ಮಕ್ಕಳಿಗೆ ಮೊಟ್ಟೆಯನ್ನು ಕೊಡಲು ಆರಂಭವಾಯಿತು, ಬೇಡವೆಂದವರಿಗೆ ಬಾಳೆಯಹಣ್ಣು. ಕೆಲವರು ಮಠಾಧಿಪತಿಗಳು ವಿರೋಧಿಸಿದರು. ಮಕ್ಕಳು ತಾವೇ ಮುಂದೆ ಬಂದು ತಮಗೆ ಮೊಟ್ಟೆ ಬೇಕೆಂದರು. ಅಕ್ಷಯಪಾತ್ರದ ಅಡಿಗೆಯಲ್ಲಿ ಮೊಟ್ಟೆಗೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಗಳಿಗೂ ಎಡೆಯಿಲ್ಲದಿರುವುದು ಅದಕ್ಕೂ ಮೊದಲೇ ಚರ್ಚೆಗೆ ಬಂದಿದ್ದಿತು.

ಇಲ್ಲಿ ಎರಡು ಪಕ್ಷಗಳಿಗೂ ಬಲವಿದೆ. ವ್ರತವುಳ್ಳವನನ್ನು ವ್ರತಭಂಗಕ್ಕೆ ಒತ್ತಾಯಿಸುವುದು ಅಧರ್ಮ; ಅವನು ತನ್ನ ಕೈಯಿಂದ ಬೇಯಿಸಲಾರದುದನ್ನು ಬೇಯಿಸೆಂದು ಹೇಳಲು ಯಾರಿಗೂ ಅಧಿಕಾರವಿಲ್ಲ. ಮತ್ತೊಂದು ಪಕ್ಕದಲ್ಲಿ, ಮೊಟ್ಟೆಯನ್ನು ತಿನ್ನುವ ಮನೆಯಿಂದ ಬಂದ ಮಗುವಿಗೆ ಪರರ ವ್ರತವನ್ನು ಹೊರಿಸುವುದೂ ಅಷ್ಟೇ ಅಧರ್ಮ. ವ್ರತವು ಹಿಡಿದವನನ್ನು ಕಟ್ಟುವುದೇ ಹೊರತು ಪಕ್ಕದವನನ್ನಲ್ಲ. ಹಾಗಾದರೆ ನಿರ್ಣಯವೇನು? ದಾತನ ಅಂತಃಕರಣವು ದಾತನ ಕೈಯನ್ನು ಆಳಲಿ. ಮಗುವಿನ ತಟ್ಟೆಯನ್ನು ಆಳದಿರಲಿ. ಒಂದು ಕೈ ಕೊಡಲಾರದುದನ್ನು ಮತ್ತೊಂದು ಕೈಯಿಂದ ಕೊಡಿಸುವುದು ಸರಕಾರದ ಕೆಲಸ. ಅದನ್ನು ಮಾಡದೆ, ಅನ್ನ ಕೊಟ್ಟವನನ್ನು ನೋಯಿಸಬಾರದೆಂಬ ದಾಕ್ಷಿಣ್ಯದಿಂದ ಸುಮ್ಮನಿದ್ದರೆ, ತಪ್ಪು ದಾತನದಲ್ಲ, ಪಾಲಕನದು.

ಮೊಟ್ಟೆಯನ್ನು ಕೊಡುವ ದಾತನಾದರೂ ಈ ಪರೀಕ್ಷೆಯಿಂದ ಹೊರಗಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕರ್ನಾಟಕ ಸರಕಾರದೊಡನೆ ಒಪ್ಪಂದ ಮಾಡಿಕೊಂಡು, ವಾರಕ್ಕೆ ಎರಡು ದಿನವಿದ್ದ ಮೊಟ್ಟೆಯನ್ನು ಆರು ದಿನಕ್ಕೆ ಏರಿಸುವ ವೆಚ್ಚವನ್ನು ಮೂರು ವರ್ಷಗಳ ಅವಧಿಗೆ ವಹಿಸಿಕೊಂಡಿತು. ಉದಾರವಾದ ಕಾರ್ಯ, ಸಂದೇಹವಿಲ್ಲ. ಆದರೆ ಅವಧಿಯೆಂಬುದಕ್ಕೆ ಅಂತ್ಯವುಂಟು. ಮಗುವಿನ ಹಸಿವಿಗೆ ಅವಧಿಯಿಲ್ಲ. ದಾತನು ಕೈ ತೆಗೆದ ದಿನ ಪಾಲಕನ ಕೈ ಸಿದ್ಧವಾಗಿರದಿದ್ದರೆ, ಕೊಟ್ಟು ಕಿತ್ತುಕೊಂಡಂತಾಗಿ ಮೊದಲಿನ ಕೊರತೆಗಿಂತ ಹೆಚ್ಚಿನ ನೋವಾಗುವುದು. ಆದುದರಿಂದ ಇಂಥ ಒಪ್ಪಂದದ ಮೊದಲನೆಯ ದಿನವೇ ಕೊನೆಯ ದಿನದ ಮರುದಿನವನ್ನು ಚಿಂತಿಸತಕ್ಕದ್ದು.

ಎಲ್ಲವನ್ನೂ ಸರಕಾರವೇ ಮಾಡಲಿ, ಖಾಸಗಿ ಉದಾರತೆಗೆ ಶಾಲೆಯಲ್ಲಿ ಎಡೆಯೇ ಬೇಡ ಎನ್ನುವವರೂ ಇರುವರು. ಅದು ಅತಿಯಾದ ಮಾತು. ಊರಿನವರು ಜಾಗ ಕೊಟ್ಟು, ಕಲ್ಲು ಹೊತ್ತು, ಗೋಡೆ ಎಬ್ಬಿಸಿದ ಶಾಲೆಗಳು ಈ ನಾಡಿನಲ್ಲಿ ಎಷ್ಟೋ ಇವೆ. ತನ್ನ ಬೆವರು ಬಿದ್ದ ಕಡೆ ಮನುಷ್ಯನಿಗೆ ಮಮತೆ ಹುಟ್ಟುವುದು. ಆ ಮಮತೆಯನ್ನು ಕಾನೂನು ಹುಟ್ಟಿಸಲಾರದು. 2013ರ ಕಂಪೆನಿ ಕಾಯಿದೆಯು ದೊಡ್ಡ ಕಂಪೆನಿಗಳು ತಮ್ಮ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಲೋಕಹಿತಕ್ಕೆ ವೆಚ್ಚಮಾಡತಕ್ಕದ್ದೆಂದು ವಿಧಿಸಿ ಹಣವನ್ನು ಹರಿಯಿಸಬಲ್ಲದು; ಕೊಡುವವನ ಭಾವವನ್ನು ವಿಧಿಸಬಲ್ಲುದೇ?

ಭಾವವು ಶಬ್ದಗಳಲ್ಲಿ ಹೊರಬೀಳುವುದು. ಶಾಲೆಯನ್ನು ‘ದತ್ತು ತೆಗೆದುಕೊಂಡೆವು’ ಎನ್ನುವ ರೂಢಿ ಬಂದಿದೆ. ತಂದೆತಾಯಿಗಳಿರುವ ಮಗುವನ್ನು ಅವರು ಬಿಟ್ಟುಕೊಡದೆ ಯಾರೂ ದತ್ತು ಪಡೆಯಲಾರರು. ಸರಕಾರೀ ಶಾಲೆಗೆ ಊರಿದೆ, ಪೋಷಕರಿರುವರು, 2001ರಿಂದ ಅವರದೇ ಆದ ಅಭಿವೃದ್ಧಿ ಹಾಗೂ ಮೇಲುಸ್ತುವಾರಿ ಸಮಿತಿಯಿದೆ. ಇವರನ್ನು ಕೇಳದೆ, ಬಿಸಿಲಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ದಾತರಿಗೆ ವಂದನೆ ಹೇಳಿಸುವಲ್ಲಿ, ಮಗುವು ಪಾಠಕ್ಕಿಂತ ಮೊದಲು ತಾನು ಬಡವನೆಂಬುದನ್ನು ಕಲಿಯುವುದು. ಅದು ಒಮ್ಮೆ ಕಲಿತರೆ ಮರೆಯಲಾಗದ ಪಾಠ.

ಇದಕ್ಕೆ ಪ್ರತಿಯಾಗಿ ಕನ್ನಡಕ್ಕೆ ಶರಣರು ಕೊಟ್ಟ ಒಂದು ಶಬ್ದವಿದೆ: ದಾಸೋಹ. ದಾನದಲ್ಲಿ ಕೊಡುವವನು ಮೇಲೆ ನಿಲ್ಲುವನು. ದಾಸೋಹದಲ್ಲಿ ಕೊಡುವವನೇ ದಾಸನು. ತನ್ನದೆಂಬುದೇ ಇಲ್ಲದಿರುವಾಗ ಕೊಟ್ಟೆನೆಂಬ ಹಮ್ಮಿಗೆ ನೆಲೆಯೆಲ್ಲಿ? ಸರಕಾರವು ತನ್ನ ಊಟದ ಯೋಜನೆಗೆ ಈ ಹೆಸರನ್ನೇ ಇಟ್ಟುಕೊಂಡಿರುವುದರಿಂದ, ಅದಕ್ಕೆ ಕೈಗೂಡಿಸುವವರೆಲ್ಲರೂ ಆ ಹೆಸರಿನ ಕಟ್ಟಿಗೆ ಒಳಪಟ್ಟವರೇ. ಸಂಸ್ಥೆಯು ಕೊಡಲಿ, ಆದರೆ ಮಗುವಿನ ಮೇಲೆ ಅದಕ್ಕಾಗಿ ಯಾವ ಹಕ್ಕನ್ನೂ ಸಾಧಿಸದಿರಲಿ. ಸರಕಾರವು ಪಡೆಯಲಿ, ಆದರೆ ತನ್ನ ಹೊರೆಯನ್ನು ಇಳಿಸಿದೆನೆಂದು ಭಾವಿಸದಿರಲಿ. ಮಗುವು ಮಾತ್ರ ಯಾರಿಗೂ ತಲೆಬಾಗದೆ ಉಂಡು, ಕೈ ತೊಳೆದು, ಪಾಠಕ್ಕೆ ಕುಳಿತುಕೊಳ್ಳಲಿ.